ಒಗೆಯುವ ಮುನ್ನ ಸೂಜಿ ಹಿಡಿಯಿರಿ

ಪ್ರಶ್ನೆ: ಮನೆಯ ಖರ್ಚು ತಗ್ಗಿಸಲೆಂದು ಕೆಲವು ತಿಂಗಳಿಂದ ಬಟ್ಟೆಗಳನ್ನು ಲಾಂಡ್ರಿಗೆ ಕೊಡದೆ ಕೈಯಲ್ಲೇ ಒಗೆಯುತ್ತಿದ್ದೇನೆ, ಸಣ್ಣಪುಟ್ಟ ಹರಕುಗಳನ್ನೂ ನಾನೇ ಹೊಲಿಯುತ್ತೇನೆ. ಆದರೆ ಒಣಗಿದ ಬಟ್ಟೆ ಒರಟಾಗುತ್ತದೆ, ಹಾಕಿದ ಗುಂಡಿ ಕೆಲವೇ ದಿನಗಳಲ್ಲಿ ಕಿತ್ತು ಬರುತ್ತದೆ. ಇಷ್ಟೆಲ್ಲ ಶ್ರಮಕ್ಕೆ ನಿಜವಾಗಿಯೂ ಉಳಿತಾಯವಿದೆಯೇ?

ಉತ್ತರ: ಇದೆ, ಆದರೆ ಒಗೆಯುವ ಕೂಲಿ ಉಳಿಯುವುದು ಅದರ ಸಣ್ಣ ಭಾಗ ಮಾತ್ರ, ಹೊಸ ಬಟ್ಟೆ ಕೊಳ್ಳುವ ದಿನವನ್ನು ಮುಂದಕ್ಕೆ ತಳ್ಳಿದಾಗಲೇ ದೊಡ್ಡ ಮೊತ್ತ ಉಳಿಯುವುದು. ಆದ್ದರಿಂದ ಬಕೆಟ್ಟಿಗೆ ಹಾಕುವ ಮುನ್ನ ಪ್ರತಿಯೊಂದು ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ಬಿಚ್ಚಿದ ಹೊಲಿಗೆಯನ್ನು ಆಗಲೇ ಹಾಕಿಬಿಡಿ. ಒಣಗಿದ್ದಾಗ ಬೆರಳಗಲವಿದ್ದ ಬಿರುಕು, ನೆಂದು ಭಾರವಾದ ಬಟ್ಟೆಯನ್ನು ಉಜ್ಜಿ ಹಿಂಡುವಾಗ ಗೇಣುದ್ದವಾಗುತ್ತದೆ.

ಬಟ್ಟೆ ಒರಟಾಗುವುದಕ್ಕೆ ಬಹುಮಟ್ಟಿಗೆ ಕಾರಣ ಹೆಚ್ಚಾದ ಪುಡಿ. ನೊರೆ ಹೆಚ್ಚಿದಷ್ಟೂ ಕೊಳೆ ಬಿಡುತ್ತದೆಂಬ ನಂಬಿಕೆ ಸರಿಯಲ್ಲ. ಜಾಲಿಸಿದಾಗ ಹೋಗದೆ ಉಳಿದ ಪುಡಿ ನೂಲಿನಲ್ಲೇ ಒಣಗಿ ಬಟ್ಟೆಯನ್ನು ಬಿರುಸಾಗಿಸುತ್ತದೆ. ಗಡಸು ನೀರಿನಲ್ಲಿ ಸಾಬೂನು ಬಳಸಿದರಂತೂ, ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೊಡನೆ ಅದು ಸೇರಿ ಬೂದು ಬಣ್ಣದ ಜಿಡ್ಡಾಗಿ ಬಟ್ಟೆಗೆ ಅಂಟುತ್ತದೆ. ಪುಡಿಯನ್ನು ಅರ್ಧಕ್ಕೆ ಇಳಿಸಿ, ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಬಟ್ಟೆಯನ್ನು ಅರ್ಧ ಗಂಟೆ ನೆನೆಸಿ. ಹೀಗೆ ನೆಂದ ಅಂಗಿಯಲ್ಲಿ ಕಾಲರು, ಕಫ್ಫು, ಕಂಕುಳನ್ನು ಬಿಟ್ಟು ಉಳಿದ ಭಾಗವನ್ನು ಬ್ರಷ್ಷಿನಿಂದ ತಿಕ್ಕುವ ಅಗತ್ಯವೇ ಬೀಳುವುದಿಲ್ಲ. ರಕ್ತದ ಕಲೆಯಿದ್ದರೆ ತಣ್ಣೀರು ಮಾತ್ರ. ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ. ಬಣ್ಣದ ಬಟ್ಟೆಗಳನ್ನು ಒಳಮಗ್ಗಲು ಹೊರಗೆ ಮಾಡಿ ನೆರಳಿನಲ್ಲಿ ಒಣಹಾಕಿ.

ಇನ್ನು ಗುಂಡಿಯ ವಿಷಯ. ಅದು ಕಿತ್ತು ಬರುವುದು ದಾರ ಸಾಲದೆ ಅಲ್ಲ, ಗುಂಡಿಯನ್ನು ಬಟ್ಟೆಗೆ ತೀರ ಬಿಗಿದು ಹೊಲಿಯುವುದರಿಂದ. ಕಾಜದ ಬಟ್ಟೆ ಕೂರಲು ಗುಂಡಿಯ ಕೆಳಗೆ ಜಾಗವಿಲ್ಲದಿದ್ದರೆ ಹಾಕಿ ಬಿಚ್ಚುವಾಗಲೆಲ್ಲ ದಾರ ಜಗ್ಗುತ್ತದೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿಯನ್ನು ಅಡ್ಡವಾಗಿಟ್ಟು, ಎರಡೆಳೆ ದಾರದಿಂದ ಅದರ ಮೇಲೆ ಹಾದುಹೋಗುವಂತೆ ನಾಲ್ಕೈದು ಸಲ ಹೊಲಿಯಿರಿ. ಕಡ್ಡಿಯನ್ನು ಎಳೆದು ತೆಗೆದು ಗುಂಡಿಯನ್ನು ಮೇಲಕ್ಕೆತ್ತಿದರೆ ಅದರ ಕೆಳಗೆ ಸಡಿಲ ದಾರ ಕಾಣುತ್ತದೆ. ಸೂಜಿಯ ದಾರವನ್ನು ಅದರ ಸುತ್ತ ಬಿಗಿಯಾಗಿ ಸುತ್ತಿ, ಬಟ್ಟೆಯ ಒಳಮಗ್ಗುಲಲ್ಲಿ ಗಂಟು ಹಾಕಿ. ಮೊದಲ ಸಲ ಹತ್ತು ನಿಮಿಷ ಹಿಡಿದೀತು.

ತೇಪೆ ಹಾಕುವಾಗ ಹೊಚ್ಚಹೊಸ ಬಟ್ಟೆಯ ತುಂಡನ್ನು ಒಗೆಯದೆ ಬಳಸಬೇಡಿ, ಅದು ಆಮೇಲೆ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಮುದುಡಿಸುತ್ತದೆ. ಹಾಗೆಂದು ಎಲ್ಲವನ್ನೂ ಕೈಯಲ್ಲೇ ಮಾಡುವ ಹಟವೂ ಬೇಡ. ದಪ್ಪ ಹೊದಿಕೆಗಳನ್ನು ಹಿಂಡಿ ಸೊಂಟ ನೋಯಿಸಿಕೊಂಡರೆ ಅದು ಉಳಿತಾಯವೆಂದು ನನಗೆ ಅನಿಸುವುದಿಲ್ಲ.

ಪ್ರಶ್ನೆ: ಕೈಯಲ್ಲೇ ಒಗೆದರೂ ಉಣ್ಣೆಯ ಸ್ವೆಟರು ಕುಗ್ಗಿ ಗಟ್ಟಿಯಾಗಿದೆ. ಮೊದಲಿನಂತಾಗುವುದೇ?

ಉತ್ತರ: ಪೂರ್ತಿಯಾಗಿ ಆಗುವುದಿಲ್ಲ. ಉಣ್ಣೆಯ ಎಳೆಗಳ ಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಆದರೆ ಹಾಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೂ ಎಳೆ ಬಿಡುವುದು ಕಡಿಮೆ. ಉಳಿದ ಸ್ವೆಟರುಗಳ ಸವೆದ ಮೊಣಕೈಗೆ ಅದರಿಂದಲೇ ಒಳ್ಳೆಯ ತೇಪೆ ಸಿಗುತ್ತದೆ.