ಲಂಡನ್ ದುಬಾರಿ, ರಾತ್ರಿ ಹೊತ್ತು ಮಾತ್ರ
ಊರು ಸುತ್ತೋಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಮಗಳಿಗೆ 13 ವರ್ಷ, ಮಗನಿಗೆ 9. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಲಂಡನ್ ತೋರಿಸಬೇಕು ಅಂತ ನನಗೂ ಮನೆಯವಳಿಗೂ ಆಸೆ. ಐದು ದಿನ ಸಾಕು. ನಮ್ಮ ಭಾವ ಮಾತ್ರ "ಹತ್ತು ಲಕ್ಷ ಇಲ್ಲದೆ ಆ ಊರಿನ ಹೆಸರೇ ಎತ್ತಬೇಡ" ಅಂತಾರೆ. ಟೂರ್ ಪ್ಯಾಕೇಜ್ ರೇಟ್ ಕೇಳಿದರೆ ಅವರ ಮಾತೇ ನಿಜ ಅನ್ನಿಸುತ್ತದೆ. ನಾವು ಸಸ್ಯಾಹಾರಿಗಳು. ಕಡಿಮೆಯಲ್ಲಿ ಆಗುತ್ತದೆಯೇ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಆಗುತ್ತದೆ. ಐದು ಲಕ್ಷದ ಆಸುಪಾಸಿನಲ್ಲಿ ಮುಗಿಸಬಹುದು. ಅದೂ ಸಣ್ಣ ಮೊತ್ತವಲ್ಲ, ಗೊತ್ತು. ಆದರೆ ಭಾವನ ಲೆಕ್ಕದ ಅರ್ಧ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ರಿಟೈರ್ ಆದವಳು. ಖರ್ಚು ಬರೆದಿಡುವ ಚಟ ಇನ್ನೂ ಬಿಟ್ಟಿಲ್ಲ. ತಂಗಿಯ ಮಗಳು ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಇರುವುದರಿಂದ ಆ ಊರಿಗೆ ಹೋಗಿ ಬಂದಿದ್ದೇನೆ. ನನ್ನ ಲೆಕ್ಕದ ಪುಸ್ತಕ ತೆರೆದರೆ ಒಂದು ವಿಷಯ ಎದ್ದು ಕಾಣುತ್ತದೆ. ಲಂಡನ್ ದುಬಾರಿಯಾಗುವುದು ರಾತ್ರಿ ಮಲಗುವುದಕ್ಕೆ. ಹಗಲು ನೋಡುವ ಒಳ್ಳೊಳ್ಳೆಯ ಜಾಗಗಳಲ್ಲಿ ಅರ್ಧಕ್ಕರ್ಧ ಪುಕ್ಕಟೆ. ಹಾಗಾಗಿ ತಲೆ ಓಡಿಸಬೇಕಾದದ್ದು ರೂಮಿನ ವಿಷಯದಲ್ಲಿ.

ಮೊದಲು ವೀಸಾ. ಒಬ್ಬೊಬ್ಬರಿಗೂ ಪ್ರತ್ಯೇಕ ಫೀಸು, ಮಕ್ಕಳಿಗೆ ರಿಯಾಯಿತಿ ಇಲ್ಲ. ಪೌಂಡಿಗೆ 120 ರೂಪಾಯಿ ಅಂತ ಹಿಡಿದರೆ ನಾಲ್ವರಿಗೆ 60 ಸಾವಿರ ದಾಟುತ್ತದೆ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಬರುತ್ತದೆ. ಬೆರಳಚ್ಚು ಕೊಡಲು ನಾಲ್ವರೂ ಬೆಂಗಳೂರಿಗೆ ಹೋಗಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಕೆಲಸ ಮುಗಿಸಿ, ಮರುದಿನ ರಾತ್ರಿಯೇ ವಾಪಸ್ ಬರಬಹುದು. ಸ್ವಂತ ಉದ್ಯೋಗದವರಾದ್ದರಿಂದ ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್, ಯೂನಿಟ್ಟಿನ ಕರೆಂಟ್ ಅಕೌಂಟ್ ಮತ್ತು ಮನೆಯ ಉಳಿತಾಯ ಖಾತೆ ಎರಡರದ್ದೂ ಆರು ತಿಂಗಳ ಸ್ಟೇಟ್‌ಮೆಂಟ್ ಇಡಿ. ಅರ್ಜಿಗೆ ಮುಂಚೆ ಭಾವನ ಹತ್ತಿರ ಮೂರು ಲಕ್ಷ ಇಸಕೊಂಡು ಖಾತೆಗೆ ತುಂಬುವ ಬುದ್ಧಿವಂತಿಕೆ ಬೇಡ. ಎಲ್ಲಿಂದ ಬಂತು ಅಂತ ಹೇಳಲಾಗದ ದುಡ್ಡು ಖಾತೆಯಲ್ಲಿ ಇದ್ದರೆ ಅನುಮಾನವೇ ಜಾಸ್ತಿ.

ವಿಮಾನದ ಟಿಕೆಟ್ ನಾಲ್ವರಿಗೆ ಎರಡೂವರೆಯಿಂದ ಮೂರು ಲಕ್ಷ ಅಂತ ಇಟ್ಟುಕೊಳ್ಳಿ. ನೇರ ವಿಮಾನಕ್ಕಿಂತ ಗಲ್ಫಿನಲ್ಲಿ ಇಳಿದು ಹತ್ತುವುದು ಎಷ್ಟೋ ಸಲ ಅಗ್ಗ. ಏಪ್ರಿಲ್‌ನಲ್ಲಿ ಈಸ್ಟರ್ ರಜೆ ಮುಗಿದ ಮೇಲೆ, ಮೇ ಮಧ್ಯದೊಳಗೆ ಹೋಗಿ. ಮೇ ಕೊನೆಗೆ ಅಲ್ಲಿನ ಶಾಲೆಗಳಿಗೂ ರಜೆ ಬರುತ್ತದೆ, ರೇಟು ಏರುತ್ತದೆ. ಮೇ ತಿಂಗಳಲ್ಲಿ ರಾತ್ರಿ ಎಂಟೂವರೆಯಾದರೂ ಬೆಳಕಿರುತ್ತದೆ. ಅಷ್ಟು ಹೊತ್ತು ಸುತ್ತಲು ಸಿಕ್ಕಿತು ಅಲ್ವಾ? ಚಳಿಗಾಲದಲ್ಲಿ ಟಿಕೆಟ್ ಅಗ್ಗ, ನಿಜ. ಆದರೆ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು.

ಈಗ ರೂಮು. ನಾಲ್ಕು ಜನ ಅಂದ ತಕ್ಷಣ ಎರಡು ರೂಮು ಹಿಡಿಯಬೇಡಿ. ಪ್ರೀಮಿಯರ್ ಇನ್, ಟ್ರಾವೆಲಾಡ್ಜ್‌ನಂಥ ಹೋಟೆಲ್‌ಗಳಲ್ಲಿ ಫ್ಯಾಮಿಲಿ ರೂಮ್ ಇರುತ್ತದೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಒಂದರಲ್ಲೇ ಮಲಗಬಹುದು. ಪ್ರೀಮಿಯರ್ ಇನ್‌ನಲ್ಲಿ ದೊಡ್ಡವರು ಪೂರ್ತಿ ಬ್ರೇಕ್‌ಫಾಸ್ಟಿಗೆ ದುಡ್ಡು ಕೊಟ್ಟರೆ 16 ವರ್ಷದೊಳಗಿನ ಮಕ್ಕಳಿಗೆ ಅದು ಉಚಿತ. ನಿಮ್ಮಂಥವರಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಬೆಳಿಗ್ಗೆ ಒಂಬತ್ತಕ್ಕೆ ಬ್ರೆಡ್ಡು, ಬೀನ್ಸ್, ಆಲೂಗಡ್ಡೆ, ಹಣ್ಣು ಗಟ್ಟಿಯಾಗಿ ತಿಂದು ಹೊರಟರೆ ಮಧ್ಯಾಹ್ನ ಎರಡರವರೆಗೆ ಮಕ್ಕಳು ಹಸಿವು ಅನ್ನುವುದಿಲ್ಲ. ರೇಟು ದಿನದಿಂದ ದಿನಕ್ಕೆ ಬದಲಾಗುತ್ತದೆ. ರಾತ್ರಿಗೆ 130 ಪೌಂಡ್ ಒಳಗೆ ಹುಡುಕಿ. ಆಫೀಸುಗಳೇ ತುಂಬಿರುವ ಏರಿಯಾಗಳಲ್ಲಿ ಶನಿವಾರ, ಭಾನುವಾರ ಕಡಿಮೆಗೆ ಸಿಗುತ್ತದೆ. ವೀಸಾ ಬರುವ ತನಕ ರದ್ದು ಮಾಡಲು ಬರುವ ರೇಟನ್ನೇ ಆರಿಸಿ, ಸ್ವಲ್ಪ ಜಾಸ್ತಿಯಾದರೂ ಸರಿ.

ಅಗ್ಗ ಅಂತ ಊರಾಚೆ ಹೋಗಬೇಡಿ. ಲಂಡನ್ನಿನ ಸಾರಿಗೆಯನ್ನು ಉಂಗುರದಂತೆ ವಲಯಗಳಾಗಿ ಹಂಚಿದ್ದಾರೆ, ನಡುವಿನದ್ದು 1. ಎರಡನೇ ಅಥವಾ ಮೂರನೇ ವಲಯದಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಸ್ಟ್ರಾಟ್‌ಫರ್ಡ್, ಗ್ರೀನಿಚ್, ಹ್ಯಾಮರ್‌ಸ್ಮಿತ್ ಕಡೆ ನೋಡಿ. ಐದನೇ ವಲಯದಲ್ಲಿ ರೂಮಿಗೆ ಉಳಿಸಿದ ದುಡ್ಡು ರೈಲಿಗೆ ಹೋಗುತ್ತದೆ, ಜೊತೆಗೆ ದಿನಕ್ಕೆ ಎರಡು ಗಂಟೆಯೂ. ಐದೇ ದಿನಕ್ಕೆ ಹೋದವರಿಗೆ ಆ ಎರಡು ಗಂಟೆ ದೊಡ್ಡ ನಷ್ಟ.

ಹೀತ್ರೂನಲ್ಲಿ ಇಳಿದ ಕೂಡಲೇ ಎಕ್ಸ್‌ಪ್ರೆಸ್ ರೈಲಿನ ಬೋರ್ಡು ಕಣ್ಣಿಗೆ ಬೀಳುತ್ತದೆ. ಅದನ್ನು ಬಿಟ್ಟು ಟ್ಯೂಬ್, ಅಂದರೆ ಅಲ್ಲಿನ ಮೆಟ್ರೊ ರೈಲಿನ ಪಿಕಡಿಲಿ ಲೈನ್ ಹಿಡಿಯಿರಿ. ಒಂದು ಗಂಟೆ ಹಿಡಿಯುತ್ತದೆ, ಆದರೆ ದರ ಎಕ್ಸ್‌ಪ್ರೆಸ್‌ನ ಮಾಮೂಲಿ ದರದ ಮೂರನೇ ಒಂದು ಭಾಗವೂ ಆಗುವುದಿಲ್ಲ.

ಊರೊಳಗೆ ಪಾಸು, ಟಿಕೆಟ್ಟು ಅಂತ ಒದ್ದಾಡಬೇಡಿ. ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನು ಗೇಟಿಗೆ ತಾಗಿಸಿದರೆ ಸಾಕು. ದಿನಕ್ಕೆ ಇಷ್ಟು ಅಂತ ಮಿತಿ ಇದೆ. ಅದು ಮುಟ್ಟಿದ ಮೇಲೆ ಆ ದಿನ ಎಷ್ಟು ಸುತ್ತಿದರೂ ಹೆಚ್ಚಿಗೆ ಕಡಿತವಾಗುವುದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು, ಮತ್ತು ದಿನವಿಡೀ ಅದೇ ಕಾರ್ಡ್ ತಾಗಿಸಬೇಕು. ಬಳ್ಳಾರಿ ಬಿಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿ. ಕೌಂಟರಿನಲ್ಲಿ ಕೂತಿದ್ದಾಗ ಈ ಒಂದು ಕಾರಣಕ್ಕೆ ವಿದೇಶದಿಂದ ಬರುತ್ತಿದ್ದ ಗಾಬರಿಯ ಫೋನುಗಳು ನೆನಪಾಗುತ್ತವೆ.

ನಿಮ್ಮ ಮಗ 11ರ ಒಳಗಿನವನು, ನಿಮ್ಮ ಜೊತೆ ಬಸ್ಸು, ಟ್ಯೂಬ್ ಎರಡರಲ್ಲೂ ಉಚಿತ. ಮಗಳಿಗೆ ಮಾತ್ರ ದುಡ್ಡು ತುಂಬಿಸಿ ಬಳಸುವ ಒಂದು ಆಯ್ಸ್ಟರ್ ಕಾರ್ಡ್ ಕೊಂಡು, ಟ್ಯೂಬ್ ಸ್ಟೇಷನ್ನಿನಲ್ಲಿ ಸಿಬ್ಬಂದಿಗೆ "ಯಂಗ್ ವಿಸಿಟರ್" ರಿಯಾಯಿತಿ ಹಾಕಿಕೊಡಿ ಅನ್ನಿ. 11ರಿಂದ 15 ವರ್ಷದವರಿಗೆ ಹದಿನಾಲ್ಕು ದಿನದವರೆಗೆ ಅರ್ಧ ದರ. ಕೇಳಿದರೆ ಮಾತ್ರ ಸಿಗುತ್ತದೆ, ಅವರಾಗಿ ಹೇಳುವುದಿಲ್ಲ.

ಬಸ್ಸು ಇನ್ನೂ ಅಗ್ಗ. 2023ರಲ್ಲಿ 1.75 ಪೌಂಡ್ ಮಾಡಿದ್ದಾರೆ, ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಅಷ್ಟೇ. ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. 15ನೇ ನಂಬರಿನ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟು ಹಿಡಿದರೆ ಟವರ್ ಆಫ್ ಲಂಡನ್, ಸೇಂಟ್ ಪಾಲ್ಸ್, ಟ್ರಫಾಲ್ಗರ್ ಚೌಕ ಎಲ್ಲ ಸಾಲಾಗಿ ಬರುತ್ತವೆ. ಪ್ರವಾಸಿಗರಿಗೆ ಅಂತ ಓಡಿಸುವ ತೆರೆದ ಛಾವಣಿಯ ಬಸ್ಸಿಗೆ ಇದರ ಹತ್ತಾರು ಪಟ್ಟು ಕೊಡಬೇಕು.

ನೋಡಲು ಏನು? ಮಕ್ಕಳನ್ನು ಮೊದಲು ಸೌತ್ ಕೆನ್ಸಿಂಗ್ಟನ್‌ಗೆ ಕರೆದೊಯ್ಯಿರಿ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮೂರೂ ಅಕ್ಕಪಕ್ಕ, ಮೂರೂ ಉಚಿತ. ಮೊದಲನೆಯದರಲ್ಲಿ ಡೈನೋಸಾರ್. ಮೂರನೆಯದರಲ್ಲಿ ನಮ್ಮ ಟಿಪ್ಪುವಿನ ಹುಲಿ, ಬ್ರಿಟಿಷ್ ಸಿಪಾಯಿಯನ್ನು ಕೆಡವಿಕೊಂಡ ಮರದ ಹುಲಿ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದದ್ದು. ಅದನ್ನು ನೋಡಲು ದುಡ್ಡಿಲ್ಲ. ಕೊಹಿನೂರ್ ನೋಡಲು ಟವರ್ ಆಫ್ ಲಂಡನ್ನಿಗೆ ದೊಡ್ಡವರು ತಲೆಗೆ 30 ಪೌಂಡಿಗೂ ಜಾಸ್ತಿ ಕಟ್ಟಬೇಕು. ನಮ್ಮ ದೇಶದಿಂದ ಹೋದದ್ದಕ್ಕೆ ನಾವೇ ಟಿಕೆಟ್ ಕೊಳ್ಳುವುದು ನನಗಂತೂ ಒಗ್ಗಲಿಲ್ಲ, ಹೊರಗಿನಿಂದಲೇ ಗೋಡೆ ನೋಡಿ ಬಂದೆ. ನಿಮ್ಮ ಮಕ್ಕಳು ಹಟ ಮಾಡಿದರೆ ದುಡ್ಡು ಕೊಟ್ಟು ನೋಡುವ ಒಂದೇ ಜಾಗ ಅದಾಗಲಿ. ಲಂಡನ್ ಐ ಅನ್ನುವ ದೊಡ್ಡ ತಿರುಗುಚಕ್ರ, ಮೇಣದ ಬೊಂಬೆಗಳ ಮನೆ ಎರಡನ್ನೂ ಬಿಡಿ. ಎತ್ತರದಿಂದ ಊರು ನೋಡಬೇಕು ಅಂದರೆ ಸ್ಕೈ ಗಾರ್ಡನ್‌ಗೆ ಉಚಿತ ಟಿಕೆಟ್ ಆನ್‌ಲೈನಿನಲ್ಲಿ ಮುಂಚೆಯೇ ಹಿಡಿದಿಡಿ. ಬೇಗ ಖಾಲಿಯಾಗುತ್ತವೆ.

ಬ್ರಿಟಿಷ್ ಮ್ಯೂಸಿಯಂಗೂ ಟಿಕೆಟ್ ಇಲ್ಲ. ಅಲ್ಲಿ ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳಿವೆ. ಪೂರ್ತಿ ನೋಡುತ್ತೇನೆ ಅಂತ ಹೊರಡಬೇಡಿ, ಕಾಲು ಸೋಲುತ್ತದೆ.

ಒಂದು ಮಧ್ಯಾಹ್ನವನ್ನು ನದಿ ದಂಡೆಗೆ ಇಡಿ. ವೆಸ್ಟ್‌ಮಿನ್ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ಥೇಮ್ಸ್ ಪಕ್ಕದಲ್ಲೇ ನಡೆಯುತ್ತಾ ಹೋಗಿ. ಲ್ಯಾಂಬೆತ್ ಸೇತುವೆ ಹತ್ತದೆ, ಅದೇ ದಂಡೆಯಲ್ಲಿ ಅದನ್ನು ಹಾದು ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು ಓಡಾಡಿ ಆದ ಕೆಲಸ ಅದು. ಹೊಳೆಯ ಆ ಕಡೆ ಪಾರ್ಲಿಮೆಂಟ್. ಅಲ್ಲಿ ಕಲಾಪ ನಡೆಯುವ ದಿನ ಸಾರ್ವಜನಿಕರ ಗ್ಯಾಲರಿಗೆ ನೀವೂ ಹೋಗಿ ಕೂರಬಹುದು. ಟಿಕೆಟ್ ಇಲ್ಲ, ಶಾಸಕರ ಶಿಫಾರಸು ಪತ್ರವೂ ಬೇಡ. ಕ್ಯೂ ನಿಂತು ತಪಾಸಣೆ ಮಾಡಿಸಿಕೊಂಡರೆ ಆಯಿತು.

ಇನ್ನೊಂದು ದಿನ ಗ್ರೀನಿಚ್. ಸೊನ್ನೆ ರೇಖಾಂಶದ ಗೆರೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ವೀಕ್ಷಣಾಲಯದ ಒಳಗೆ ದುಡ್ಡು. ಅದೇ ಗೆರೆ ಕಾಂಪೌಂಡಿನ ಹೊರಗಿನ ಕಾಲುದಾರಿಗೂ ಬರುತ್ತದೆ, ಅಲ್ಲಿ ಪುಕ್ಕಟೆ. ಗುಡ್ಡ ಇಳಿದು ಬಂದರೆ ಥೇಮ್ಸ್ ನದಿಯ ಕೆಳಗೆ ನಡೆದು ಹೋಗುವ ಸುರಂಗ ಇದೆ, 1902ರದ್ದು. ತುಂಗಭದ್ರೆಯನ್ನು ಸೇತುವೆ ಮೇಲಷ್ಟೇ ದಾಟಿದ ಮಕ್ಕಳಿಗೆ ತಲೆ ಮೇಲೆ ಹೊಳೆ ಹರಿಯುತ್ತಿದೆ ಅಂದರೆ ಭಾರಿ ಖುಷಿ.

ಬಳ್ಳಾರಿಯವರು ಅಂದ ಮೇಲೆ ನಾಟಕದ ಮಾತು ಬಾರದೆ ಇರುತ್ತದೆಯೇ? ರಂಗನಟ ಬಳ್ಳಾರಿ ರಾಘವರ ಊರಿನವರು. ಷೇಕ್ಸ್‌ಪಿಯರ್ಸ್ ಗ್ಲೋಬ್ ರಂಗಮಂದಿರದಲ್ಲಿ ರಂಗದ ಮುಂದೆ ನಿಂತು ನೋಡುವವರಿಗೆ ಬಹಳ ಕಡಿಮೆ ದರದ ಟಿಕೆಟ್ ಇರುತ್ತದೆ. ಮೇಲೆ ಛಾವಣಿ ಇಲ್ಲ, ಮಳೆ ಬಂದರೂ ಆಟ ನಿಲ್ಲುವುದಿಲ್ಲ, ಕೊಡೆ ಬಿಡಿಸುವಂತಿಲ್ಲ. ತೆಳು ರೈನ್‌ಕೋಟ್ ಇಟ್ಟುಕೊಳ್ಳಿ. ಹಾಗೇ, ನಿಮ್ಮದೇ ಯೂನಿಟ್ಟಿನ ಜೀನ್ಸ್ ಆದರೂ ಎಲ್ಲ ದಿನಕ್ಕೂ ಬೇಡ. ಆ ಹವೆಗೆ ಒದ್ದೆಯಾದರೆ ರಾತ್ರಿ ಪೂರ್ತಿ ಹರವಿದರೂ ಒಣಗುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ಸೂಪರ್‌ಮಾರ್ಕೆಟ್. "ಮೀಲ್ ಡೀಲ್" ಅಂತ ಸ್ಯಾಂಡ್‌ವಿಚ್, ಚಿಪ್ಸ್, ಕುಡಿಯಲು ಒಂದು ಸೇರಿ 4–5 ಪೌಂಡ್. ಸಸ್ಯಾಹಾರದ್ದರ ಮೇಲೆ ಬರೆದಿರುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳಬೇಡಿ. ರಾತ್ರಿ ಅನ್ನ ಬೇಕು ಅನ್ನಿಸಿದರೆ ಯೂಸ್ಟನ್ ಸ್ಟೇಷನ್ ಹತ್ತಿರದ ಡ್ರಮ್ಮಂಡ್ ಸ್ಟ್ರೀಟ್, ಇಲ್ಲವೇ ಈಸ್ಟ್ ಹ್ಯಾಮ್. ಈಸ್ಟ್ ಹ್ಯಾಮ್‌ನಲ್ಲಿ ದೋಸೆ, ಊಟ ಎರಡೂ ಸಿಗುತ್ತವೆ, ನಡುಪೇಟೆಗಿಂತ ಕಡಿಮೆಗೆ.

ಲೆಕ್ಕ ಹೀಗೆ: ರೂಮು ಐದು ರಾತ್ರಿಗೆ 78 ಸಾವಿರ, ಊಟ 30 ಸಾವಿರ, ಓಡಾಟ 15 ಸಾವಿರ, ಟವರ್ ಟಿಕೆಟ್ಟು ಮತ್ತು ಚಿಲ್ಲರೆಗೆ 20 ಸಾವಿರ. ಮೇಲೆ ವಿಮಾನ, ವೀಸಾ. ಭಾವನಿಗೂ ತೋರಿಸಿ.

ಪ್ರಶ್ನೆ: ನಾವು ದಂಪತಿ ಪ್ಯಾರಿಸ್‌ಗೆ ಹೋಗುತ್ತಿದ್ದೇವೆ, ಷೆಂಗೆನ್ ವೀಸಾ ಬಂದಿದೆ. ಅದರಲ್ಲೇ ಎರಡು ದಿನ ಲಂಡನ್ ನೋಡಿ ಬರಬಹುದೇ?
– ಶಿಕ್ಷಕಿ, ರಾಯಚೂರು

ಉತ್ತರ: ಇಲ್ಲ ಮೇಡಂ. ಷೆಂಗೆನ್ ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು. ಬ್ರಿಟನ್ ಅದಕ್ಕೆ ಸೇರಿಲ್ಲ, ಬೇರೆ ವೀಸಾ ಬೇಕು. ಮಾಡಿಸುವುದಾದರೆ ನಿಮಗೆ ಬೆಂಗಳೂರಿಗಿಂತ ಹೈದರಾಬಾದ್ ಕೇಂದ್ರ ಹತ್ತಿರ. ವಾಪಸ್ ಪ್ಯಾರಿಸ್‌ನಿಂದಲೇ ವಿಮಾನ ಹತ್ತುವುದಾದರೆ ಷೆಂಗೆನ್ ವೀಸಾದಲ್ಲಿ ಎಷ್ಟು ಸಲ ಪ್ರವೇಶ ಅಂತ ಬರೆದಿದೆ ನೋಡಿ. ಒಂದೇ ಸಲ ಅಂತಿದ್ದರೆ ಲಂಡನ್ನಿಗೆ ಹೋದವರು ಪ್ಯಾರಿಸ್‌ಗೆ ಮರಳುವಂತಿಲ್ಲ. ಎರಡೇ ದಿನಕ್ಕೆ ಇಷ್ಟೆಲ್ಲ ಖರ್ಚು ಬೇಡ ಅಂತ ನನ್ನ ಸಲಹೆ. ಆ ದುಡ್ಡಿಗೆ ಪ್ಯಾರಿಸ್‌ನಲ್ಲೇ ಇನ್ನೆರಡು ದಿನ ಇರಿ.

ಪ್ರಶ್ನೆ: ಮಗನ ಹತ್ತಿರ ಲಂಡನ್ನಿಗೆ ಹೊರಟಿದ್ದೇವೆ. ನಮ್ಮ ಯಜಮಾನರಿಗೆ ರೊಟ್ಟಿ ಇಲ್ಲದೆ ನಡೆಯುವುದಿಲ್ಲ. ಮನೆಯಿಂದ ಏನೇನು ಒಯ್ಯಬಹುದು?
– ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಅಮ್ಮಾ, ಖಡಕ್ ರೊಟ್ಟಿ ಒಯ್ಯಿರಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪುಡಿಯೂ ಆದೀತು. ಹಾಲಿನದ್ದು ಮಾತ್ರ ಬೇಡ. ನಮ್ಮ ದೇಶದಿಂದ ಮಾಂಸ, ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧ ಇದೆ. ಅಂದರೆ ತುಪ್ಪ, ಪೇಡೆ, ಕೋವಾ ಎಲ್ಲ ಮನೆಯಲ್ಲೇ ಬಿಡಿ. ತುಪ್ಪದಲ್ಲಿ ಕಟ್ಟಿದ ಉಂಡಿಯೂ ಬೇಡ, ಸುಮ್ನೆ ತಕರಾರು. ಅಕ್ಕಿ ಹೊರುವ ಕಷ್ಟ ಬೇಕಿಲ್ಲ, ಸೋನಾಮಸೂರಿ ಅಲ್ಲಿನ ನಮ್ಮವರ ಅಂಗಡಿಗಳಲ್ಲೇ ಸಿಗುತ್ತದೆ. ಉಪ್ಪಿನಕಾಯಿ ಬಾಟಲಿಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆಸುತ್ತಾರೆ. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಬಟ್ಟೆಗಳ ನಡುವೆ ಇಡಿ, ಇಲ್ಲದಿದ್ದರೆ ತಲುಪುವ ಹೊತ್ತಿಗೆ ಪುಡಿಯಾಗಿರುತ್ತವೆ.