ಏಜೆನ್ಸಿಯ ಬಿಸಿನೆಸ್ ಪೋರ್ಟ್‌ಫೋಲಿಯೊದಿಂದ ನಾನು ಲೀವ್ ಆದರೆ ನನ್ನ ಇನ್‌ಸ್ಟಾಗ್ರಾಂ ಅಕೌಂಟೂ ಹೊರಗೆ ಬರುತ್ತಾ?

ಬರಲ್ಲ. ದಯವಿಟ್ಟು ಆ ಲೀವ್ ಬಟನ್ ಒತ್ತಬೇಡಿ. ಇನ್ನೂ ಒತ್ತಿಲ್ಲ ಅಂದ್ರೆ ಮೊದಲು ಆ ಟ್ಯಾಬ್ ಮುಚ್ಚಿ, ಆಮೇಲೆ ಓದಿ. ಗೊತ್ತಿಲ್ಲದವರಿಗೆ: ಬಿಸಿನೆಸ್ ಪೋರ್ಟ್‌ಫೋಲಿಯೊ ಅಂದ್ರೆ ಒಂದು ವ್ಯಾಪಾರದ ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ, ಜಾಹೀರಾತಿನ ಖಾತೆ ಎಲ್ಲ ಒಂದೇ ಕಡೆ ಇಡುವ ಜಾಗ. ಅವೆರಡರ ಕಂಪನಿಯಾದ ಮೆಟಾ ಕೊಡುವ ಬಿಸಿನೆಸ್ ಸೂಟ್‌ನಿಂದ ಅದನ್ನು ನೋಡಿಕೊಳ್ಳುತ್ತಾರೆ.

ನಿಮ್ಮದು ಚಿಂಚವಾಡದಲ್ಲಿ ಮನೆಯಿಂದಲೇ ರೊಟ್ಟಿ, ಚಟ್ನಿಪುಡಿ ವ್ಯಾಪಾರ. ಇನ್‌ಸ್ಟಾಗ್ರಾಂ ನೋಡಿಕೊಳ್ಳೋಕೆ ಒಂದು ಏಜೆನ್ಸಿ. ಈಗ ಅವರ ಜೊತೆ ಮಾತಿಲ್ಲ, ಮೆಟಾ ಬಿಸಿನೆಸ್ ಸೂಟ್‌ನಿಂದ ಅಕೌಂಟ್ ಬಿಡಿಸಿಕೊಳ್ಳಬೇಕು, ರಿಮೂವ್ ಕಾಣಿಸ್ತಾ ಇಲ್ಲ, ಆಗದಿದ್ದರೆ ಡಿಲೀಟ್ ಮಾಡಿ ಹೊಸದು ಶುರು ಮಾಡ್ತೀನಿ ಅಂದಿದ್ದೀರಿ. ರೊಟ್ಟಿ ಇರುವ ಕಡೆ ಇಳಕಲ್ ಸೀರೆ ಅಂತ ಬರೆದರೆ ಅದು ನನ್ನದೇ ಕಥೆ.

ನಾನಿರೋದು ಪುಣೆಯ ಧನಕವಡಿಯಲ್ಲಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ತರಿಸಿ ಮಾರುತ್ತೇನೆ. ಪುಣೆಯವರಿಗೆ ಎರಡೂ ಹೊಸದಲ್ಲ. ಲಕ್ಷ್ಮಿ ರೋಡಿನ ಅಂಗಡಿಗಳಲ್ಲೂ ಸಿಗುತ್ತೆ. ಅಲ್ಲಿಗೆ ಹೋಗುವ ಗಿರಾಕಿಯನ್ನು ನನ್ನ ಮನೆಗೆ ಕರೆಸಬೇಕು ಅಂದ್ರೆ ನನಗಿದ್ದ ದಾರಿ ಇನ್‌ಸ್ಟಾಗ್ರಾಂ ಒಂದೇ. ಸ್ವಾರ್‌ಗೇಟ್ ಕಡೆ ಇಬ್ಬರು ಹುಡುಗರು ಸೇರಿ ನಡೆಸುವ ಏಜೆನ್ಸಿ ಸಿಕ್ಕಿತು. "ಕಾಳಜಿ ಕರೂ ನಕಾ, ತಾಈ", ಚಿಂತೆ ಮಾಡಬೇಡಿ ಅಕ್ಕಾ, ಅಂದರು. ಕಾಳಜಿ ಬಿಟ್ಟೆ. ಅವರ ಹೆಸರಿನ ಪೋರ್ಟ್‌ಫೋಲಿಯೊದಲ್ಲೇ ನನ್ನ ವ್ಯಾಪಾರದ ಫೇಸ್‌ಬುಕ್ ಪೇಜ್ ಮಾಡಿದರು, ಜಾಹೀರಾತಿನ ಆ್ಯಡ್ ಅಕೌಂಟ್ ತೆರೆದರು, ನನ್ನ ಇನ್‌ಸ್ಟಾಗ್ರಾಂ ತಂದು ಅದಕ್ಕೆ ಸೇರಿಸಿದರು. ಓಟಿಪಿ ನನ್ನ ಫೋನಿಗೆ ಬಂತು, ಅಡುಗೆಮನೆಯಿಂದಲೇ ಓದಿ ಹೇಳಿದೆ. ನನಗೂ ಅದರಲ್ಲಿ ಫುಲ್ ಕಂಟ್ರೋಲ್ ಕೊಟ್ಟರು. ಹಾಗಂದ್ರೆ ಏನು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಂಕ್ರಾಂತಿ ಬಂತು. ನಿಮಗೆ ಗೊತ್ತಲ್ಲ, ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕರಿ ಸೀರೆ ಉಡುತ್ತಾರೆ. ಕೆಂಪು ಸೆರಗಿನ ಕರಿ ಇಳಕಲ್ ತರಿಸಿದ್ದೆ. ಜಾಹೀರಾತಿಗೆ ಅಂತ ಆ ಆ್ಯಡ್ ಅಕೌಂಟಿಗೆ ಯುಪಿಐ ಮೂಲಕ ಮುಂಗಡ ದುಡ್ಡು ತುಂಬಿದ್ದೆ. ಹಬ್ಬಕ್ಕೆ ಮೊದಲೇ ಮಾಲೆಲ್ಲ ಖಾಲಿ. ಜಾಹೀರಾತು ನಿಲ್ಲಿಸಿ ಅಂದೆ. "ಹೋ ತಾಈ, ಕರತೋ", ಆಯ್ತು ಅಕ್ಕಾ ಮಾಡ್ತೀನಿ, ಅಂದರು. ನಿಲ್ಲಿಸಲಿಲ್ಲ. ಹಬ್ಬದ ದಿನ ಶುಭಾಶಯದ ಪೋಸ್ಟ್ ಹಾಕಿದರು, ಅದರಲ್ಲಿ ಯಾರದ್ದೋ ಪೈಠಣಿ ಸೀರೆ, ಮೇಲೆ ನನ್ನ ಲೋಗೊ! ಇಳಕಲ್ ಮಾರುವವಳ ಪುಟದಲ್ಲಿ ಪೈಠಣಿ. ಸಿಟ್ಟು ಬರದೇ ಇರುತ್ತಾ?

ಅವತ್ತು ರಾತ್ರಿ ಮಗಳ ಲ್ಯಾಪ್‌ಟಾಪ್ ತೆಗೆದುಕೊಂಡು ಕೂತೆ. ಸೆಟ್ಟಿಂಗ್ಸ್‌ನಲ್ಲಿ, ಅಂದ್ರೆ ಬಿಸಿನೆಸ್ ಸೂಟ್‌ನ ಸೆಟ್ಟಿಂಗ್ಸ್‌ನಲ್ಲಿ, ಬಿಸಿನೆಸ್ ಇನ್ಫೋ ಎಂಬ ಪುಟ ಇದೆ. ಅದರ ಕೆಳಗಡೆ ನನ್ನ ಹೆಸರು, ಇಮೇಲ್, ಪಕ್ಕದಲ್ಲಿ ಲೀವ್. ಒತ್ತಿದೆ. ಖಾತ್ರಿ ಇದೆಯಾ ಅಂತ ಕೇಳಿತು. ಖಾತ್ರಿ ಇಲ್ಲದೆ ಏನು, ಒತ್ತಿದೆ. ಪರದೆ ಮೇಲಿಂದ ಏಜೆನ್ಸಿ ಹೆಸರು ಹೋಯಿತು. ಮುಗೀತಪ್ಪಾ ಅಂತ ನೆಮ್ಮದಿಯಾಗಿ ಮಲಗಿದೆ.

ನಾನು ಹೊರಗೆ ಬಂದರೆ ನನ್ನದೆಲ್ಲ ನನ್ನ ಹಿಂದೆ ಬರುತ್ತೆ ಅಂದುಕೊಂಡಿದ್ದೆ. ಆದರೆ ಪೋರ್ಟ್‌ಫೋಲಿಯೊದ ಒಳಗೆ ಎರಡು ಬೇರೆ ಬೇರೆ ಪಟ್ಟಿಗಳಿವೆ. ಒಂದು ಜನರ ಪಟ್ಟಿ, ಇನ್ನೊಂದು ಆಸ್ತಿಯ ಪಟ್ಟಿ. ಪೇಜ್, ಇನ್‌ಸ್ಟಾಗ್ರಾಂ, ಆ್ಯಡ್ ಅಕೌಂಟ್, ಕ್ಯಾಟಲಾಗ್ ಎಲ್ಲ ಇರೋದು ಆಸ್ತಿಯ ಪಟ್ಟಿಯಲ್ಲಿ. ಅವುಗಳ ಒಡೆತನ ಪೋರ್ಟ್‌ಫೋಲಿಯೊದ್ದು, ಯಾವ ವ್ಯಕ್ತಿಯದ್ದೂ ಅಲ್ಲ. ಲೀವ್ ಒತ್ತಿದರೆ ಜನರ ಪಟ್ಟಿಯಿಂದ ಒಂದು ಹೆಸರು ಅಳಿಸುತ್ತೆ, ಅಷ್ಟೇ. ಆಸ್ತಿ ಒಂದಿಂಚೂ ಕದಲಲ್ಲ. ಸೊಸೈಟಿಯಲ್ಲಿ ಫ್ಲ್ಯಾಟಿನ ಕೀಲಿ ವಾಚ್‌ಮನ್ ಕೈಗೆ ಕೊಟ್ಟು ಹೊರಗೆ ಬಂದರೆ ಒಡೆತನದ ಕಾಗದವಾದ ಶೇರ್ ಸರ್ಟಿಫಿಕೇಟ್ ಮೇಲಿನ ಹೆಸರು ಬದಲಾಗುತ್ತಾ? ಇಲ್ವಲ್ಲ, ಇದೂ ಹಾಗೇ. ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ನನ್ನ ಹತ್ರ ಫುಲ್ ಕಂಟ್ರೋಲ್ ಇತ್ತು. ಅದೇ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಇನ್‌ಸ್ಟಾಗ್ರಾಂ ಅಕೌಂಟ್ಸ್, ನನ್ನ ಅಕೌಂಟ್ ಆರಿಸಿ ರಿಮೂವ್. ಇಷ್ಟು ಮಾಡಿದ್ದರೆ ಅಕೌಂಟ್ ಬಿಡುಗಡೆ ಆಗ್ತಿತ್ತು. ಜಾಹೀರಾತನ್ನೂ ನಾನೇ ನಿಲ್ಲಿಸಬಹುದಿತ್ತು. ಆ ಅಧಿಕಾರ ಇದ್ದದ್ದು ನಾನು ಒಳಗಿರುವವರೆಗೆ ಮಾತ್ರ. ನಾನೇ ಬಾಗಿಲು ತೆಗೆದು ಹೊರಗೆ ಬಂದು ನಿಂತೆ. ಮೊದಲು ಆಸ್ತಿ ತೆಗೆಯಬೇಕು, ಕೊನೆಗೆ ಮನುಷ್ಯ ಹೊರಬರಬೇಕು. ನಾನು ಉಲ್ಟಾ ಮಾಡಿದೆ.

ಬೆಳಿಗ್ಗೆ ಎದ್ದರೆ ಫೋನಿನ ತುಂಬ ಮೆಸೇಜು. ಜಾಹೀರಾತು ಜೋರಾಗಿ ಓಡ್ತಾ ಇದೆ. ಖಾಲಿಯಾದ ಕರಿ ಸೀರೆ, ಮುಗಿದುಹೋದ ಹಬ್ಬ, ಉಳಿದಿದ್ದ ನನ್ನ ದುಡ್ಡು ಕರಗ್ತಾ ಇದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಹುಡುಗರು ಬಿಸಿನೆಸ್ ಸೂಟ್‌ನ ಇನ್‌ಬಾಕ್ಸ್‌ನಲ್ಲಿ ತಾನಾಗೇ ಹೋಗುವ ಉತ್ತರ ಇಟ್ಟಿದ್ದರು. ಯಾರು ಹಾಯ್ ಅಂದರೂ ನನ್ನ ಹೆಸರಲ್ಲಿ, ಮರಾಠಿಯಲ್ಲಿ, ಹಬ್ಬದ ರಿಯಾಯಿತಿ ಬೆಲೆ ಹೇಳಿ, ಡೆಲಿವರಿ ಫ್ರೀ ಅಂತ ಕೈ ಮುಗಿಯುವ ಚಿಹ್ನೆ ಹಾಕಿ ಕಳಿಸ್ತಾ ಇತ್ತು. ನಾನು ಕೆಳಗೆ "ಸ್ಟಾಕ್ ಇಲ್ಲ" ಅಂತ ಟೈಪ್ ಮಾಡ್ತಿದ್ದೆ, ಮೇಲೆ ನನ್ನದೇ ಹೆಸರು "ಇದೆ, ಬನ್ನಿ" ಅನ್ನುತ್ತಿತ್ತು. ನಾಶಿಕ್‌ನ ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿ, ನೀವೇ ಬೆಲೆ ಹೇಳಿದ್ದೀರಿ, ಕರಿ ಇಲ್ಲದಿದ್ದರೆ ಅದೇ ಬೆಲೆಗೆ ಬೇರೆ ಬಣ್ಣ ಕೊಡಿ ಅಂದರು. ಏನು ಹೇಳೋದು? ಕೊಟ್ಟೆ. ಅವರಂತೆ ಇನ್ನೂ ಕೆಲವರಿಗೆ ಕೊಟ್ಟೆ. ನೇಕಾರರಿಗೆ ಕೊಟ್ಟ ದುಡ್ಡೂ ಆ ಬೆಲೆಯಲ್ಲಿ ಹುಟ್ಟಲ್ಲ.

ನನ್ನ ಹೆಸರಲ್ಲೇ ಹೊಸ ಪೋರ್ಟ್‌ಫೋಲಿಯೊ ಮಾಡಿ ಅಕೌಂಟ್ ಸೇರಿಸಲು ಹೋದೆ. ಇದು ಈಗಾಗಲೇ ಬೇರೆ ಬಿಸಿನೆಸ್‌ಗೆ ಸೇರಿದೆ ಅಂತ ಬಂತು. ಒಂದು ಇನ್‌ಸ್ಟಾಗ್ರಾಂ ಅಕೌಂಟಿಗೆ ಒಡೆಯ ಪೋರ್ಟ್‌ಫೋಲಿಯೊ ಒಂದೇ ಇರಲು ಸಾಧ್ಯ. ಮಿಕ್ಕವರು ಪಾರ್ಟ್‌ನರ್ ಆಗಿ ಕೆಲಸ ಮಾಡಬಹುದು, ಒಡೆಯರಾಗಲು ಆಗಲ್ಲ.

ಪಕ್ಕದ ಬಿಲ್ಡಿಂಗಿನ ಒಬ್ಬ ಹುಡುಗಿ, ನನ್ನ ಗಿರಾಕಿಯೇ, ಇಂಥದ್ದೇ ಕೆಲಸದಲ್ಲಿದ್ದಾಳೆ. ಕರೆಸಿದೆ. ಬಂದವಳೇ ಕೇಳಿದ್ದು, "ಅಕ್ಕಾ, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಯಾರ ಹತ್ರ ಇದೆ? ನಂಬರ್ ಯಾರದ್ದು?" ಎರಡೂ ನನ್ನದೇ. ಹಾಗಾದ್ರೆ ಅಕೌಂಟ್ ಎಲ್ಲೂ ಹೋಗಲ್ಲ ಬಿಡಿ ಅಂದಳು. ಆಮೇಲೆ ಅವಳು ವಿವರಿಸಿದ್ದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಕನೆಕ್ಟ್ ಅನ್ನೋದು ಒಂದೇ ಅಲ್ಲ. ಇನ್‌ಸ್ಟಾಗ್ರಾಂ ಅಕೌಂಟ್ ಫೇಸ್‌ಬುಕ್ ಪೇಜಿಗೆ ಜೋಡಣೆ ಆಗಿರುವುದು ಒಂದು. ಪೋರ್ಟ್‌ಫೋಲಿಯೊದ ಆಸ್ತಿಯಾಗಿರುವುದು ಇನ್ನೊಂದು. ಮೆಟಾದ ಖಾತೆಗಳನ್ನು ಒಟ್ಟಿಗೆ ಜೋಡಿಸುವ ಅಕೌಂಟ್ಸ್ ಸೆಂಟರ್‌ನಲ್ಲಿ ಯಾರದ್ದೋ ಫೇಸ್‌ಬುಕ್ ಪ್ರೊಫೈಲ್ ಜೊತೆ ಸೇರಿರುವುದು ಮತ್ತೊಂದು. ಪೋಸ್ಟ್ ಶೆಡ್ಯೂಲ್ ಮಾಡುವ ಹೊರಗಿನ ಆ್ಯಪ್‌ಗಳಿಗೆ ಕೊಟ್ಟ ಅನುಮತಿ ಮಗದೊಂದು, ಅದು ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಆ್ಯಂಡ್ ವೆಬ್‌ಸೈಟ್ಸ್ ಅನ್ನುವಲ್ಲಿ ಇರುತ್ತೆ. ಒಂದನ್ನು ತೆಗೆದರೆ ಇನ್ನೊಂದು ತಾನಾಗಿ ಹೋಗುತ್ತೆ ಅಂತ ನಂಬಬೇಡಿ.   2021ರಲ್ಲಿ ಫೇಸ್‌ಬುಕ್ ಕಂಪನಿಯ ಹೆಸರೇ ಮೆಟಾ ಆಯಿತು. ಬಿಸಿನೆಸ್ ಮ್ಯಾನೇಜರ್ ಅಂತಿದ್ದದ್ದು ಈಗ ಬಿಸಿನೆಸ್ ಪೋರ್ಟ್‌ಫೋಲಿಯೊ. ಮೆನು ಹೆಸರುಗಳು ಮತ್ತೆ ಬದಲಾಗಬಹುದು. ಹೆಸರು ನೆನಪಿಟ್ಟುಕೊಳ್ಳಬೇಡಿ, ಎಷ್ಟು ಜೋಡಣೆ ಇವೆ ಅನ್ನೋದು ನೆನಪಿಟ್ಟುಕೊಳ್ಳಿ.

ಅವಳು ನನ್ನ ಫೋನಿನಲ್ಲೇ ಎಡಿಟ್ ಪ್ರೊಫೈಲ್‌ಗೆ ಹೋಗಿ ಪೇಜ್ ಎಂಬ ಸಾಲಿನಿಂದ ಆ ಫೇಸ್‌ಬುಕ್ ಪೇಜಿನ ಜೋಡಣೆ ಕಡಿದಳು. ತಾನಾಗೇ ಹೋಗುವ ಉತ್ತರ ನಿಂತಿತು. ನಮ್ಮ ಮನೆಯಲ್ಲಿ ಅವತ್ತು ಮೊದಲ ಸಲ ಎಲ್ಲರೂ ಸಮಾಧಾನವಾಗಿ ಊಟ ಮಾಡಿದ್ದು. ಪೋರ್ಟ್‌ಫೋಲಿಯೊ ಒಡೆತನ ಮಾತ್ರ ಏಜೆನ್ಸಿಯವರ ಕಡೆಯಿಂದಲೇ ಬಿಡಬೇಕಿತ್ತು. ಫೋನ್ ಮಾಡಿದರೆ ಸರ್ ಊರಲ್ಲಿಲ್ಲ. ಮೆಸೇಜಿಗೆ ಉತ್ತರ ಇಲ್ಲ. ಕೊನೆಗೆ ನಾನೇ ಅವರ ಆಫೀಸಿಗೆ ಹೋಗಿ ಕೂತೆ. ಜಗಳ ಆಡಲಿಲ್ಲ. ಬಾಕಿ ಬಿಲ್ ಕೈಯಲ್ಲಿ ಹಿಡಿದುಕೊಂಡು, ರಿಮೂವ್ ಮಾಡಿ ತೋರಿಸಿ, ಇಲ್ಲೇ ಯುಪಿಐ ಮಾಡ್ತೀನಿ ಅಂದೆ. ಊರಲ್ಲಿಲ್ಲದ ಸರ್ ಒಳಗಿನಿಂದ ಬಂದರು. ಮೊದಲು ಜಾಹೀರಾತು ನಿಲ್ಲಿಸಿದರು, ಆಮೇಲೆ ನನ್ನೆದುರೇ ಅಕೌಂಟ್ ತೆಗೆದರು. ಪೇಜ್‌ಗೆ ಜಗ್ಗಾಡಲು ಹೋಗಲಿಲ್ಲ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ, ಬೇಜಾರು ಮಾಡ್ಕೋಬೇಡಿ. ನಿಮಗೆ ಬೇಕಿರೋದು ಬಿಸಿನೆಸ್ ಸೂಟ್‌ನಿಂದ ಬಿಡುಗಡೆ ಅಲ್ಲ, ಆ ಏಜೆನ್ಸಿಯಿಂದ ಬಿಡುಗಡೆ. ಸೂಟ್ ಚೆನ್ನಾಗೇ ಇದೆ. ನಿಮ್ಮ ಹೆಸರಲ್ಲಿ ಒಂದು ಪೋರ್ಟ್‌ಫೋಲಿಯೊ ಮಾಡಿಕೊಂಡು ಅಕೌಂಟನ್ನು ಅದಕ್ಕೆ ಸೇರಿಸಿ. ಮುಂದೆ ಯಾವ ಏಜೆನ್ಸಿ ಬಂದರೂ ಪಾರ್ಟ್‌ನರ್ ಆಗಿ ಸೇರಿಸಿಕೊಳ್ಳಿ. ಅವರ ಬಿಸಿನೆಸ್ ಐಡಿ ಕೇಳಿ, ಬೇಕಾದಷ್ಟೇ ಅನುಮತಿ ಕೊಡಿ, ಬೇಡವಾದಾಗ ನೀವೇ ತೆಗೆಯಿರಿ. ನಾವೇ ಎಲ್ಲ ಮಾಡಿಕೊಡ್ತೀವಿ, ಸುಮ್ನೆ ಓಟಿಪಿ ಹೇಳಿ ಅನ್ನುವವರಿಗೆ ಕೆಲಸ ಕೊಡಬೇಡಿ. ಒಳ್ಳೆಯ ಏಜೆನ್ಸಿಯವರೇ ಮೊದಲು ನಿಮ್ಮ ಪೋರ್ಟ್‌ಫೋಲಿಯೊ ಇದೆಯಾ ಅಂತ ಕೇಳ್ತಾರೆ.

ರಿಮೂವ್ ಕಾಣಿಸ್ತಾನೇ ಇಲ್ಲ ಅಂದಿದ್ದೀರಿ. ನಿಮಗೆ ಫುಲ್ ಕಂಟ್ರೋಲ್ ಕೊಟ್ಟಿಲ್ಲ ಅನ್ಸುತ್ತೆ. ಫುಲ್ ಕಂಟ್ರೋಲ್ ಕೊಡಿ ಇಲ್ಲವೇ ನೀವೇ ರಿಮೂವ್ ಮಾಡಿ ಅಂತ ಇಮೇಲ್‌ನಲ್ಲಿ ಕೇಳಿ, ವಾಟ್ಸಾಪ್‌ನಲ್ಲಿ ಬೇಡ. ಬಾಕಿ ಏನಾದರೂ ಕೊಡೋದಿದ್ದರೆ ರಿಮೂವ್ ಆಗುವವರೆಗೆ ಕೊಡಬೇಡಿ. ಇದು ಸಭ್ಯತೆ ಅಲ್ಲ ಅನ್ನಬಹುದು. ನನಗೆ ಕೆಲಸ ಆದದ್ದು ಇದರಿಂದಲೇ.

ಡಿಲೀಟ್ ಅಂತೂ ಬೇಡವೇ ಬೇಡ. ಪೋರ್ಟ್‌ಫೋಲಿಯೊದಿಂದ ತೆಗೆದರೆ ಫಾಲೋವರ್ಸ್ ಹೋಗಲ್ಲ, ಪೋಸ್ಟ್ ಹೋಗಲ್ಲ, ಗಿರಾಕಿಗಳ ಮೆಸೇಜೂ ಇನ್‌ಸ್ಟಾಗ್ರಾಂ ಆ್ಯಪಿನಲ್ಲಿ ಇದ್ದೇ ಇರುತ್ತೆ. ಡಿಲೀಟ್ ಮಾಡಿದರೆ 30 ದಿನ ಕಳೆದ ಮೇಲೆ ಎಲ್ಲ ಹೋಗುತ್ತೆ, ಅದೇ ಹೆಸರು ಮತ್ತೆ ಸಿಗುತ್ತೆ ಅನ್ನೋ ಖಾತ್ರಿಯೂ ಇಲ್ಲ. ರೊಟ್ಟಿ ಪ್ಯಾಕೆಟ್ ಮೇಲೆ ಆ ಹೆಸರು ಪ್ರಿಂಟ್ ಆಗಿದೆ ಅಲ್ವಾ? ಸುರಕ್ಷಿತ ಅಂತ ಪರ್ಸನಲ್ ಅಕೌಂಟಿಗೆ ಬದಲಾಯಿಸುವ ಸಲಹೆಯೂ ಬರಬಹುದು. ಬದಲಾಯಿಸಿದರೆ ಇನ್‌ಸೈಟ್ಸ್ ಲೆಕ್ಕವೆಲ್ಲ ಹೋಗುತ್ತೆ, ಯಾವ ಊರಿನವರು ಜಾಸ್ತಿ ನೋಡ್ತಾರೆ ಅನ್ನೋದೂ ಗೊತ್ತಾಗಲ್ಲ.

ಆ್ಯಡ್ ಅಕೌಂಟ್ ಮಾತ್ರ ಮರೆತುಬಿಡಿ. ಅವರ ಪೋರ್ಟ್‌ಫೋಲಿಯೊದಲ್ಲಿ ಹುಟ್ಟಿದ್ದು ಅಲ್ಲೇ ಇರುತ್ತೆ, ಎತ್ತಿ ತರಲು ಬರಲ್ಲ. ಅದರಲ್ಲಿ ನಿಮ್ಮ ದುಡ್ಡಿದ್ದರೆ ಮೊದಲು ಅದನ್ನು ಕೇಳಿ, ಕಾರ್ಡ್ ಇದ್ದರೆ ತೆಗೆಸಿ. ಅಕೌಂಟ್ ಕೈಗೆ ಬಂದ ಕೂಡಲೇ ಪಾಸ್‌ವರ್ಡ್ ಬದಲಾಯಿಸಿ, ಎಲ್ಲೆಲ್ಲಿ ಲಾಗಿನ್ ಇದೆ ನೋಡಿ ಗೊತ್ತಿಲ್ಲದ್ದನ್ನೆಲ್ಲ ಹೊರಹಾಕಿ, ಎರಡು ಹಂತದ ದೃಢೀಕರಣ ಹಾಕಿ. ಅದರ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ನಾನು ಬರೆದದ್ದು ಸೀರೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿದೆ.

ಈಗ ಸೆಟ್ಟಿಂಗ್ಸ್‌ನಲ್ಲಿ ಪೀಪಲ್ ತೆರೆದು ನಿಮ್ಮ ಹೆಸರಿಗೆ ಯಾವ ಅಧಿಕಾರ ಕೊಟ್ಟಿದ್ದಾರೆ ನೋಡಿ, ಕೆಳಗೆ ಕಮೆಂಟ್ ಹಾಕಿ. ಸ್ಕ್ರೀನ್‌ಶಾಟ್ ಹಾಕುವುದಾದರೆ ಇಮೇಲ್, ಐಡಿ ನಂಬರ್ ಮುಚ್ಚಿ ಹಾಕಿ. ರಾತ್ರಿ ಪಾರ್ಸೆಲ್ ಕಟ್ಟಿ ಮುಗಿದ ಮೇಲೆ ನೋಡ್ತೀನಿ.