ಬಾಣಂತಿಯ ಹೆಬ್ಬೆರಳು ನೋವು ಮತ್ತು ಅಟ್ಟ ಸೇರಿದ ಗೇಮ್ ಕಂಟ್ರೋಲರ್

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬ ಬಾಣಂತಿಯ ಕಥೆ ಇದು, ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಅವರಿಗೆ 31 ವರ್ಷ. ಸಾಫ್ಟ್‌ವೇರ್ ಕೆಲಸ, ಮೈಸೂರಿನ ಕಡೆಯವರು. ಹೆರಿಗೆ ರಜೆಯಲ್ಲಿದ್ದರು, ಮಗುವಿಗೆ ನಾಲ್ಕು ತಿಂಗಳು. ಮನೆಯಲ್ಲಿ ಪತಿ ಮತ್ತು ಅತ್ತೆ. ಹೆರಿಗೆ ಮಾಡಿಸಿದ ಡಾಕ್ಟರೇ ನನ್ನ ಹತ್ತಿರ ಕಳಿಸಿದ್ದರು. "ಮಾತು ಮಾತಿಗೂ ಅಳ್ತಾರೆ, ಒಮ್ಮೆ ನೋಡಿ" ಅಂತ ಚೀಟಿಯಲ್ಲಿತ್ತು.

ಬಾಣಂತಿಯರು ಬಂದಾಗ ನಾನು ಮೊದಲು ಎಡಿನ್‌ಬರೋ ಪ್ರಶ್ನಾವಳಿ ಕೊಡುತ್ತೇನೆ, ಹೆರಿಗೆಯ ನಂತರದ ಖಿನ್ನತೆಯ ಸುಳಿವು ಇದೆಯಾ ಎಂದು ನೋಡಲು. 10 ಪ್ರಶ್ನೆಗಳು. ಕೊನೆಯ ಪ್ರಶ್ನೆ, ನಮಗೆ ನಾವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬರುತ್ತದಾ ಎಂಬುದು. ಅಂಥ ಯೋಚನೆ ಅವರಿಗೆ ಇರಲಿಲ್ಲ. ಬೇಸರ ಇತ್ತು, ನಿದ್ದೆ ಇರಲಿಲ್ಲ, ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಖಿನ್ನತೆ ಎನ್ನುವ ಮಟ್ಟಕ್ಕೆ ಹೋಗಿರಲಿಲ್ಲ, ಆದರೆ ಕಣ್ಣಿಟ್ಟಿರಬೇಕಾದ ಸ್ಥಿತಿ. ಎರಡು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವುದು ಎಂದು ಬರೆದುಕೊಂಡೆ.

ಮಾತಾಡುತ್ತಿರುವಷ್ಟು ಹೊತ್ತೂ ಅವರು ಎಡಗೈಯಿಂದ ಬಲಗೈ ಹೆಬ್ಬೆರಳ ಬುಡ ಒತ್ತಿಕೊಳ್ಳುತ್ತಲೇ ಇದ್ದರು. ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿತ್ತು. ರೂಮಿನ ತುಂಬ ಮುಲಾಮಿನ ವಾಸನೆ. ನೀರು ಕೊಟ್ಟರೆ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಎತ್ತಿದರು. ಕೈಗೆ ಏನಾಯಿತು ಎಂದು ಕೇಳಿದ ಕೂಡಲೇ ಕಣ್ಣಲ್ಲಿ ನೀರು.

"ಇದು ನಾನೇ ಮಾಡ್ಕೊಂಡಿದ್ದು ಮೇಡಂ. ಬಾಣಂತಿ ಅನ್ನೋ ಪರಿವೆ ಇಲ್ದೆ ಗೇಮ್ ಆಡ್ದೆ. ಅದಕ್ಕೇ ಹೀಗಾಯ್ತು."

ಅವರ ತಮ್ಮ ಕೆನಡಾದಲ್ಲಿ ಓದುತ್ತಿದ್ದಾನೆ. ವಾರಕ್ಕೆ ಮೂರು ನಾಲ್ಕು ರಾತ್ರಿ, ಮಗು ಮಲಗಿದ ಮೇಲೆ, ಅಕ್ಕ ತಮ್ಮ ಇಬ್ಬರೂ ಒಂದು ಗಂಟೆ ಕಂಪ್ಯೂಟರಿನಲ್ಲಿ 'ಇಟ್ ಟೇಕ್ಸ್ ಟು' ಎಂಬ ವಿಡಿಯೋ ಗೇಮ್ ಆಡುತ್ತಿದ್ದರು. 2021ರಲ್ಲಿ ಬಂದ ಈ ಆಟವನ್ನು ಒಬ್ಬರೇ ಆಡಲು ಬರುವುದಿಲ್ಲ. ಒಬ್ಬರು ಬಾಗಿಲು ಹಿಡಿದರೆ ಇನ್ನೊಬ್ಬರು ದಾಟಬೇಕು, ಹಾಗೆ ಮಾಡಿದ್ದಾರೆ. ಅವನಿಗೆ ಆಗ ಮಧ್ಯಾಹ್ನ. ಆಡುತ್ತಾ ಅಮ್ಮನ ಬಿಪಿ, ಅವನ ರೂಮ್ ಬಾಡಿಗೆ, ಊರಿನ ಸುದ್ದಿ ಎಲ್ಲ ಬಂದು ಹೋಗುತ್ತಿತ್ತು. ಹೆಬ್ಬೆರಳು ನೋಯಲು ಶುರುವಾದಾಗ ಅತ್ತೆ "ಆ ಯಂತ್ರ ಹಿಡ್ಕೊಂಡು ಕೂತ್ರೆ ಇನ್ನೇನಾಗತ್ತೆ" ಎಂದರು. ಪತಿ ಏನೂ ಬೈಯಲಿಲ್ಲ. ಹಳೆಯ ಕಂಟ್ರೋಲರ್ (ಎರಡೂ ಕೈಯಲ್ಲಿ ಹಿಡಿದು ಬಟನ್ ಒತ್ತಿ ಆಡುವ ಸಾಧನ) ಸರಿಯಿಲ್ಲ ಅಂದುಕೊಂಡು ಆಸೆಯಿಂದ ದುಬಾರಿಯದೊಂದು ತರಿಸಿಕೊಟ್ಟರು. ಗಟ್ಟಿಮುಟ್ಟಾದದ್ದು, ಸುಮಾರು 350 ಗ್ರಾಂ. ಅದನ್ನು ಹಿಡಿದರೆ ಇನ್ನೂ ನೋವು. ಇಷ್ಟು ದುಡ್ಡು ಹಾಕಿ ತಂದಿದ್ದಾರೆ, ಆಗಲ್ಲ ಅಂತ ಹೇಗೆ ಹೇಳುವುದು? ಕೊನೆಗೆ ಎರಡೂ ಕಂಟ್ರೋಲರ್ ಅಟ್ಟ ಸೇರಿದವು. ತಮ್ಮನಿಗೆ "ಟೈಮಿಲ್ಲ ಕಣೋ" ಎಂದರು.

ನಾನು ಕೇಳಿದ್ದು ಒಂದೇ. "ಆಟ ನಿಲ್ಲಿಸಿ ಎಷ್ಟು ದಿನ ಆಯ್ತು?"

"ಮೂರು ವಾರ."

"ನೋವು ಕಡಿಮೆ ಆಯ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ, ಜಾಸ್ತಿನೇ ಆಗಿದೆ" ಎಂದರು. ಹೇಳಿದ ಮೇಲೆ ಅವರೇ ತಲೆಯೆತ್ತಿ ನನ್ನನ್ನು ನೋಡಿದರು.

ಸೋಫಾದ ದಿಂಬು ಕೊಟ್ಟು, ಮಗುವನ್ನು ಹೇಗೆ ಎತ್ತುತ್ತೀರಿ ತೋರಿಸಿ ಎಂದೆ. ಹೆಬ್ಬೆರಳುಗಳನ್ನು ಅಗಲ ಚಾಚಿ, ಎರಡೂ ಕಂಕುಳ ಕೆಳಗೆ ಕೈ ಕೊಟ್ಟು, ಮಣಿಕಟ್ಟು ಬಾಗಿಸಿ ಮೇಲೆತ್ತಿದರು. ತುಂಬ ತಾಯಂದಿರು ಎತ್ತುವುದೇ ಹಾಗೆ. ಆರು ಕೆಜಿ ಮಗು. ಹಾಲಿಗೆ, ಬಟ್ಟೆ ಬದಲಿಸಲು, ಸ್ನಾನಕ್ಕೆ, ಸಮಾಧಾನಕ್ಕೆ ಅಂತ ದಿನಕ್ಕೆ ಎಷ್ಟು ಸಲ ಎತ್ತುತ್ತಾರೋ ಲೆಕ್ಕವಿಲ್ಲ. ಕಾಲು ಕೆಜಿಯ ಆಸುಪಾಸಿನ ಕಂಟ್ರೋಲರ್ ಮೇಲೆ ತಪ್ಪೆಲ್ಲ ಹೊರಿಸಿಯಾಗಿತ್ತು. ಆರು ಕೆಜಿಯ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಹೇಗೆ ಬರುತ್ತದೆ, ಅದು ಮುದ್ದು ಕಂದ ಅಲ್ವಾ!

ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಕೈ ನೋವಿಗೆ ಕಾರಣ ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ. ಡಿ ಕ್ವೆರ್ವೇನ್ ತೊಂದರೆ ಎಂದು ಡಾಕ್ಟರು ಖಚಿತ ಮಾಡಿದರು. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯರ ಹೆಸರು ಅದು. ಹೆಬ್ಬೆರಳನ್ನು ಎಳೆಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದೇ ಕಿರಿದಾದ ದಾರಿಯಲ್ಲಿ ಸಾಗುತ್ತವೆ. ಆ ದಾರಿಯ ಗೋಡೆ ದಪ್ಪಗಾದರೆ ಬೆರಳು ಆಡಿಸಿದಾಗೆಲ್ಲ ತಿಕ್ಕಿ ನೋಯುತ್ತದೆ. ಎಳೆ ಮಕ್ಕಳ ತಾಯಂದಿರಲ್ಲಿ ಇದು ಮಾಮೂಲಿ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಕೊಟ್ಟರು. ಮಗುವನ್ನು ಅಂಗೈ ಮೇಲ್ಮುಖ ಮಾಡಿ, ಬೆನ್ನ ಕೆಳಗೆ ಮುಂಗೈ ಕೊಟ್ಟು ಎತ್ತಲು ಹೇಳಿಕೊಟ್ಟರು. ನೋವು ಇಳಿಯುವ ತನಕ ಆಟ ಬೇಡ, ಆಮೇಲೆ ಹಿತಮಿತವಾಗಿ ಆಡಬಹುದು ಎಂದರು.

ನೋವಿಗೆ ಹೆಸರು ಸಿಕ್ಕಿತು. ತಪ್ಪು ಮಾಡಿದೆ ಎಂಬ ಭಾವನೆ ಅಷ್ಟು ಬೇಗ ಹೋಗಲಿಲ್ಲ. ಮುಂದಿನ ಭೇಟಿಯಲ್ಲಿ, ಹಾಗಾದರೆ ಮತ್ತೆ ಆಡಲು ಶುರು ಮಾಡುವಾಗ ಯಾವ ಕಂಟ್ರೋಲರ್ ತಗೋತೀರಿ ಎಂದು ಕೇಳಿದೆ. "ಯಾವುದೋ ಒಂದು. ನನಗೇನು ಬಿಡಿ" ಎಂದರು. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲ ಕೊಳ್ಳಲು ಇದೇ ಹೆಂಗಸು ವಾರಗಟ್ಟಲೆ ಓದಿ, ಹೋಲಿಸಿ, ಸೊಂಟಕ್ಕೆ ಯಾವುದು ಒಳ್ಳೆಯದು ಎಂದು ಆರಿಸಿದ್ದರು. ತಮ್ಮ ಕೈಗೆ ಬಂದಾಗ "ಯಾವುದೋ ಒಂದು". ನಾವು ಕೆಲಸ ಮಾಡಬೇಕಾದ ಜಾಗ ಇದೇ ಎಂದು ನನಗೆ ಅನ್ನಿಸಿತು. ತನ್ನ ಆರಾಮಕ್ಕೆ ಒಂದು ವಸ್ತುವನ್ನು ಜೋಪಾನವಾಗಿ ಆರಿಸಿಕೊಳ್ಳುವುದು ಆ ಹೊತ್ತಿನಲ್ಲಿ ಅವರಿಗೆ ಬೇಕಾಗಿದ್ದ ಔಷಧಿ. ಆದ್ದರಿಂದ ಆ ಭೇಟಿಯನ್ನು ಪೂರ್ತಿ ಅದಕ್ಕೇ ಮೀಸಲಿಟ್ಟೆ. ದಿನನಿತ್ಯದ ಕೆಲಸಗಳನ್ನು ಸುಲಭವಾಗಿ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನೂ ಕರೆದೆ. ಅಟ್ಟದಿಂದ ಎರಡೂ ಕಂಟ್ರೋಲರ್ ಇಳಿಸಿ ತನ್ನಿ ಎಂದಿದ್ದೆ, ತಂದಿದ್ದರು.

ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಳ್ಳೆಯದಾ, ಪ್ಲೇಸ್ಟೇಷನ್‌ನದು ಒಳ್ಳೆಯದಾ ಎಂದು ಎಲ್ಲರೂ ಕೇಳುತ್ತಾರೆ. ನಾವು ಅಲ್ಲಿಂದ ಶುರು ಮಾಡಲಿಲ್ಲ. ಯಾವ ಬೆರಳಿಗೆ ಏನು ಕೆಲಸ ಎಂದು ನೋಡಿದೆವು. ಬಲ ಹೆಬ್ಬೆರಳಿಗೆ ಎರಡು ಪಾಳಿ. ಎ, ಬಿ, ಎಕ್ಸ್, ವೈ ಬಟನ್ ಒತ್ತುವುದೂ ಅದೇ, ಕೆಳಗಿಳಿದು ಬಲಗಡೆ ಸ್ಟಿಕ್ (ಬೆರಳಿನಿಂದ ವಾಲಿಸುವ ಪುಟ್ಟ ಗುಂಡಿ) ತಳ್ಳಿ ಕ್ಯಾಮೆರಾ, ಅಂದರೆ ಪರದೆಯಲ್ಲಿ ಕಾಣುವ ನೋಟ, ತಿರುಗಿಸುವುದೂ ಅದೇ. ಹಾರು, ತಿರುಗು, ಹಾರು, ತಿರುಗು. ನಡುಬೆರಳು, ಉಂಗುರ ಬೆರಳು ಹಿಂದುಗಡೆ ಸುಮ್ನೆ ಆತುಕೊಂಡಿರುತ್ತವೆ. ಅವರಿಗೆ ನೋಯುವುದೂ ಬಲ ಹೆಬ್ಬೆರಳೇ.

ಎಕ್ಸ್‌ಬಾಕ್ಸ್ ತರದವುಗಳಲ್ಲಿ ಎಡಗಡೆ ಸ್ಟಿಕ್ ಮೇಲಿರುತ್ತದೆ, ಬಲಗಡೆಯದು ಕೆಳಗೆ. ಪ್ಲೇಸ್ಟೇಷನ್‌ನಲ್ಲಿ ಎರಡೂ ಕೆಳಗೆ, ಅಕ್ಕಪಕ್ಕ. ಅಂದರೆ ಎರಡರಲ್ಲೂ ಬಲಗಡೆ ಸ್ಟಿಕ್ ಇರುವುದು ಕೆಳಗೇ! ಎಡ ಹೆಬ್ಬೆರಳು ನೋಯುವವರಿಗೆ ಈ ವ್ಯತ್ಯಾಸ ದೊಡ್ಡದು. ಇವರಿಗೆ ಅದರಿಂದ ಅಷ್ಟೇನೂ ಲಾಭವಿಲ್ಲ. ಇವರಿಗೆ ಬೇಕಾದದ್ದು ಆ ಬೆರಳಿನ ಕೆಲಸ ಹಂಚುವ ವ್ಯವಸ್ಥೆ.

ಹಿಂಬದಿಯಲ್ಲಿ ಎರಡು ಬಟನ್ ಇರುವ ಕಂಟ್ರೋಲರ್ ನೋಡಿ ಎಂದು ಥೆರಪಿಸ್ಟ್ ಹೇಳಿದ್ದು ಅದಕ್ಕೇ. ಹಾರುವ ಬಟನ್ ಮತ್ತು ನುಗ್ಗುವ ಬಟನ್ ಎರಡನ್ನೂ ಅಲ್ಲಿಗೆ ಹಾಕಿಕೊಂಡರೆ ನಡುಬೆರಳುಗಳು ಆ ಕೆಲಸ ಮಾಡುತ್ತವೆ. ಹೆಬ್ಬೆರಳು ಸ್ಟಿಕ್ ಮೇಲೆ ಒಂದೇ ಕಡೆ ಇರಬಹುದು. ಬಹಳಷ್ಟು ಕಂಟ್ರೋಲರ್‌ಗಳಲ್ಲಿ ಈ ಬದಲಾವಣೆಯನ್ನು ಅದರಲ್ಲೇ ಮಾಡಿಕೊಳ್ಳಬಹುದು. ಮುಂಭಾಗದ ಬಟನ್‌ಗಳನ್ನು ಅದಲುಬದಲು ಮಾಡಲು, ಪಿಸಿಯಲ್ಲಿ ಗೇಮ್ ಕೊಂಡು ಆಡುವ ಸ್ಟೀಮ್ ಎಂಬ ಆ್ಯಪ್‌ನ ಸೆಟ್ಟಿಂಗ್ಸ್ ಸಾಕು. ಕ್ಯಾಮೆರಾ ವೇಗವನ್ನು ಆಟದ ಸೆಟ್ಟಿಂಗ್ಸ್‌ನಲ್ಲಿ ಏರಿಸಿದೆವು. ಆಗ ಸ್ಟಿಕ್ ಅನ್ನು ಅಂಚಿನ ತನಕ ತಳ್ಳಬೇಕಿಲ್ಲ, ಸ್ವಲ್ಪ ಸರಿಸಿದರೆ ಆಯಿತು. ಕಂಟ್ರೋಲರ್ ಓಲಾಡಿಸಿಯೇ ಕ್ಯಾಮೆರಾ ತಿರುಗಿಸುವ ಜೈರೋ ಸೌಲಭ್ಯದ ಬಗ್ಗೆ ಅವರು ಕೇಳಿದರು. ಪ್ಲೇಸ್ಟೇಷನ್‌ನ ಡ್ಯುಯಲ್‌ಸೆನ್ಸ್, ಡ್ಯುಯಲ್‌ಶಾಕ್ 4, ನಿಂಟೆಂಡೊದ ಸ್ವಿಚ್ ಪ್ರೊ ಕಂಟ್ರೋಲರ್‌ಗಳಲ್ಲಿ ಅದಿದೆ, ಎಕ್ಸ್‌ಬಾಕ್ಸ್‌ನದರಲ್ಲಿ ಇಲ್ಲ. ಹೆಬ್ಬೆರಳಿಗೆ ಅದು ಒಳ್ಳೆಯದೇ. ಆದರೆ ಮಣಿಕಟ್ಟು ಪಕ್ಕಕ್ಕೆ ವಾಲಿದರೆ ಇದೇ ತೊಂದರೆಯವರಿಗೆ ಚುರುಕ್ ಎನ್ನುತ್ತದೆ. ಸದ್ಯಕ್ಕೆ ಬೇಡ ಎಂದು ಥೆರಪಿಸ್ಟ್ ಹೇಳಿದರು.

ಆಮೇಲೆ ತೂಕ. ಡ್ಯುಯಲ್‌ಶಾಕ್ 4 ಸುಮಾರು 210 ಗ್ರಾಂ. ಡ್ಯುಯಲ್‌ಸೆನ್ಸ್ 280ರ ಹತ್ತಿರ. ಈಗಿನ ಎಕ್ಸ್‌ಬಾಕ್ಸ್ ಕಂಟ್ರೋಲರ್ ಎರಡು ಎಎ ಸೆಲ್ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ. 2020ರಲ್ಲಿ ಬಂದ ಆ ಮಾದರಿಯನ್ನು ಚಿಕ್ಕ ಕೈಗಳಿಗೂ ಹೊಂದಲಿ ಎಂದು ಹಿಂದಿನದಕ್ಕಿಂತ ಕೊಂಚ ಚಿಕ್ಕದು ಮಾಡಿದ್ದಾರೆ. ಗಾಳಿಯಲ್ಲಿ ಎತ್ತಿ ಹಿಡಿದು ಒಂದು ಗಂಟೆ ಆಡಿದರೆ ಐವತ್ತು ಗ್ರಾಂ ವ್ಯತ್ಯಾಸವೂ ಗೊತ್ತಾಗುತ್ತದೆ. ಮಡಿಲಲ್ಲಿ ಆಸರೆ ಕೊಟ್ಟರೆ ತೂಕದ ಚಿಂತೆ ಅರ್ಧ ಹೋಗುತ್ತದೆ. ಮನೆಯಲ್ಲಿ ಹಾಲೂಡಿಸುವಾಗ ಇಟ್ಟುಕೊಳ್ಳುವ ಬಾಗಿದ ದಿಂಬು ಇತ್ತಲ್ಲ, ಅದನ್ನೇ ಸೊಂಟದ ಸುತ್ತ ಇಟ್ಟುಕೊಂಡು ಮೊಣಕೈ ಊರಲು ಹೇಳಿದೆವು. ಅವರು ಅಂದು ಮೊದಲ ಸಲ ನಕ್ಕರು.

ಹಳೆಯ ಕಂಟ್ರೋಲರ್‌ನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಅದರ ಸ್ಟಿಕ್ ಮುಟ್ಟದಿದ್ದರೂ ಪಾತ್ರ ತಾನಾಗಿ ಎಡಕ್ಕೆ ಸರಿಯುತ್ತಿತ್ತು. ಡ್ರಿಫ್ಟ್ ಎನ್ನುವುದು ಇದಕ್ಕೇ. ಸಾಮಾನ್ಯ ಸ್ಟಿಕ್ಕುಗಳ ಒಳಗೆ ಒಂದಕ್ಕೊಂದು ತಾಗಿ ಜಾರುವ ಭಾಗಗಳಿರುತ್ತವೆ, ಅವು ಸವೆಯುತ್ತವೆ. ಸವೆದ ಮೇಲೆ ನಮಗೇ ಗೊತ್ತಾಗದಂತೆ ಬೆರಳು ಸದಾ ಎದುರು ದಿಕ್ಕಿಗೆ ಒತ್ತಿಕೊಂಡಿರುತ್ತದೆ, ಹಿಡಿತವೂ ಬಿಗಿಯಾಗುತ್ತದೆ. ಹಾಲ್ ಎಫೆಕ್ಟ್ ಸ್ಟಿಕ್‌ಗಳು ಆಯಸ್ಕಾಂತದಿಂದ ಕೆಲಸ ಮಾಡುತ್ತವೆ, ಒಳಗಿನ ಸೆನ್ಸರ್‌ನಲ್ಲಿ ತಿಕ್ಕಾಟವಿಲ್ಲ. 8ಬಿಟ್‌ಡೂ, ಗೇಮ್‌ಸರ್ ಮುಂತಾದ ಕಂಪನಿಗಳು ಇವನ್ನು ಹಾಕಿದ ಮಾದರಿಗಳನ್ನು ಮಾಡುತ್ತವೆ. ಪಿಸಿಗೆ ಕೊಳ್ಳುವವರು ಅದೊಂದನ್ನು ಕೇಳಿ ಕೊಂಡರೆ ಒಳ್ಳೆಯದು. ವೈಬ್ರೇಷನ್ ಆಫ್ ಮಾಡಿ ಎಂದೂ ಹೇಳಿದೆವು, ನೋಯುವ ಕೈಗೆ ಆ ನಡುಕ ಬೇಡ.

ಕೊಳ್ಳುವ ಮುಂಚೆ ಕಡ ತಂದು ಹಿಡಿದು ನೋಡುವುದು ಎಂದಾಯಿತು. ಪತಿಯ ತಂಗಿಯ ಮಗನಿಂದ ಡ್ಯುಯಲ್‌ಶಾಕ್ 4, ಸಹೋದ್ಯೋಗಿಯಿಂದ ಎಕ್ಸ್‌ಬಾಕ್ಸ್ ಕಂಟ್ರೋಲರ್ ಬಂತು. ಕಣ್ಣು ಮುಚ್ಚಿ, ಭುಜ ಇಳಿಬಿಟ್ಟು ಹಿಡಿಯಬೇಕು. ಅಂಗೈ ಸರಿಸದೆ ತೋರುಬೆರಳಿಗೆ ಮೇಲಂಚಿನ ಟ್ರಿಗರ್ ಬಟನ್ ಸಿಗುತ್ತದಾ, ಹೆಬ್ಬೆರಳು ಪೂರ್ತಿ ಚಾಚದೆ ಸ್ಟಿಕ್ ಮೇಲೆ ಕೂರುತ್ತದಾ ನೋಡಬೇಕು. ಕಾಲು ಗಂಟೆ ಆಡಿ, ಎಲ್ಲಿ ನೋಯಿತು ಎಂದು ಬರೆಯಬೇಕು. ಡಾಕ್ಟರು ಒಪ್ಪಿದ ಮೇಲೇ ಇದನ್ನೆಲ್ಲ ಮಾಡಿದ್ದು. ಈ ತಾಯಿ ಬರೆದ ಟಿಪ್ಪಣಿಯಲ್ಲಿ ಡ್ಯುಯಲ್‌ಶಾಕ್ 4 ಬಗ್ಗೆ "ಇದು ಹಗುರ, ಆದರೆ ಹಿಡಿ ಸಣ್ಣದು, ಬಿಗಿ ಹಿಡೀಬೇಕು" ಎಂದಿತ್ತು. ಕೊನೆಗೆ ಆರಿಸಿದ್ದು ಎಕ್ಸ್‌ಬಾಕ್ಸ್ ಮಾದರಿಯ ಜೋಡಣೆ, ಹಾಲ್ ಎಫೆಕ್ಟ್ ಸ್ಟಿಕ್, ಹಿಂದೆ ಎರಡು ಬಟನ್ ಇರುವ ಮಧ್ಯಮ ಬೆಲೆಯ ವೈರ್‌ಲೆಸ್ ಕಂಟ್ರೋಲರ್. ವಿಂಡೋಸ್ ಪಿಸಿಯಲ್ಲಿ ಈ ಜೋಡಣೆಯನ್ನು ಹೆಚ್ಚಿನ ಆಟಗಳು ತಾವಾಗಿ ಗುರುತಿಸುತ್ತವೆ. ಪರದೆ ಮೇಲೆ ಬರುವ ಬಟನ್ ಚಿತ್ರವೂ ಕೈಯಲ್ಲಿರುವ ಬಟನ್ನೂ ಒಂದೇ ಇರುತ್ತದೆ.

ಪತಿಯನ್ನೂ ಅತ್ತೆಯವರನ್ನೂ ಒಮ್ಮೆ ಕೂರಿಸಿಕೊಂಡೆ. ಪತಿಗೆ ಒಳಗೊಳಗೇ ಭಯವಿತ್ತು, ಇದು ಚಟ ಆಗಿದೆಯಾ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆ ಎಂಬುದು ಸೇರಿದೆ, 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು, ಹಾನಿಯಾದರೂ ಬಿಡಲಾಗದೆ ಇರಬೇಕು, ಬದುಕಿಗೆ ಗಂಭೀರ ಪೆಟ್ಟು ಬಿದ್ದಿರಬೇಕು, ಸಾಮಾನ್ಯವಾಗಿ ಒಂದು ವರ್ಷವಾದರೂ ಹೀಗೇ ಇರಬೇಕು. ನೋವು ಬಂದ ಕೂಡಲೇ ಅಟ್ಟಕ್ಕೆ ಹಾಕಿದವರಿಗೆ ಇದು ಯಾವುದೂ ಹೊಂದುವುದಿಲ್ಲ. ಒಂದು ಗಂಟೆ ಮೂರು ಗಂಟೆಯಾದರೆ, ನಿದ್ದೆ ಬಿಟ್ಟು ಆಡತೊಡಗಿದರೆ, ಆಗ ಮತ್ತೆ ಬನ್ನಿ ಎಂದೆ. ಅತ್ತೆಯವರಿಗೆ ಇದು ಬಾಣಂತನದಲ್ಲಿ ತಂಡಿ ತಾಗಿ ಆದದ್ದು ಎಂಬ ಇನ್ನೊಂದು ಲೆಕ್ಕವೂ ಇತ್ತು. ನಾನು ವಾದಿಸಲಿಲ್ಲ. ಮಗುವನ್ನು ಎತ್ತುವುದು ಕಡಿಮೆಯಾಗಬೇಕು, ಅದಕ್ಕೆ ನೀವು ದಾರಿ ಹೇಳಿ ಅಮ್ಮ ಎಂದೆ. ಸ್ನಾನ ಮಾಡಿಸುವುದು ತಮ್ಮ ಪಾಲಿಗೆ ಎಂದರು. ರಾತ್ರಿ ತೊಟ್ಟಿಲಿನಿಂದ ಎತ್ತಿ ಕೈಗೆ ಕೊಡುವುದು ಮಗನ ಪಾಲಿಗೆ ಎಂದು ಅವರೇ ತೀರ್ಮಾನಿಸಿದರು. ನನಗೆ ತುಂಬ ಖುಷಿಯಾಯಿತು.

ಎಡಿನ್‌ಬರೋ ಪ್ರಶ್ನೆಗಳನ್ನು ಎರಡನೇ ಸಲ ಕೇಳಿದಾಗ ಅಂಕ ಇಳಿದಿತ್ತು. ನಿದ್ದೆ ಇನ್ನೂ ಸರಿಯಿಲ್ಲ, ಅದು ಮಗುವಿನ ಕೈಯಲ್ಲಿದೆ. ಮಗು ಜಾಸ್ತಿ ರಚ್ಚೆ ಹಿಡಿದ ದಿನ ಹೆಬ್ಬೆರಳು ನೋಯುತ್ತದೆ, ಆ ರಾತ್ರಿ ಆಟವಿಲ್ಲ, ಬರೀ ಫೋನ್ ಮಾತು. ಉಳಿದ ರಾತ್ರಿ ನಲವತ್ತು ನಿಮಿಷಕ್ಕೆ ಅಲಾರಂ ಇಟ್ಟು ತಮ್ಮನ ಜೊತೆ ಆಡುತ್ತಾರೆ. ಭಾರದ ಕಂಟ್ರೋಲರ್ ಪತಿಯ ದೊಡ್ಡ ಕೈಗೆ ಸರಿಯಾಗಿ ಕೂತಿದೆ. "ಅದು ನನ್ನ ಕೈಗೆ ಆಗಲ್ಲ" ಎಂಬ ಮಾತನ್ನು ನನ್ನೆದುರೇ ಒಮ್ಮೆ ಹೇಳಿ ರೂಢಿ ಮಾಡಿಕೊಂಡು, ಮನೆಗೆ ಹೋಗಿ ಹೇಳಿದರಂತೆ. ಪತಿ ಬೇಜಾರು ಮಾಡಿಕೊಳ್ಳಲಿಲ್ಲ. "ಮೊದಲೇ ಹೇಳೋದಲ್ವಾ" ಎಂದರಂತೆ.

ಬೆರಳು ಜೋಮು ಹಿಡಿದರೆ, ರಾತ್ರಿ ಕೈ ಮರಗಟ್ಟಿ ಎಚ್ಚರವಾದರೆ, ಹಿಡಿದದ್ದು ಜಾರಿ ಬೀಳತೊಡಗಿದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಎಂದು ಅವರಿಗೆ ಬರೆದುಕೊಟ್ಟಿದ್ದೇನೆ. ಅಂಥದ್ದಕ್ಕೆ ಕಂಟ್ರೋಲರ್ ಬದಲಿಸಿದರೆ ಸಾಲದು. ಮನಸ್ಸು ತೀರಾ ಕುಸಿದ ರಾತ್ರಿ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಅನ್ನೂ ಅದೇ ಚೀಟಿಯಲ್ಲಿ ಬರೆದಿದ್ದೇನೆ. ಮುಂದಿನ ತಿಂಗಳು ಅವರು ಕೆಲಸಕ್ಕೆ ವಾಪಸ್ ಹೋಗುತ್ತಾರೆ. ಆಫೀಸಿನ ಮೌಸ್ ಮತ್ತು ಕೀಬೋರ್ಡ್ ತಂದು ತೋರಿಸಲು ಹೇಳಿದ್ದೇನೆ.